ಹಾರುದಿಣ್ಣೆಯ ಬೇಡಮ್ಮ

ಅವಳನ್ನು ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಬೆಟ್ಟದ ನೆತ್ತಿಯ ಹತ್ತಿರ ಹುಲ್ಲಿನ ಒಂದು ಇಳಿಜಾರಿದೆ. ಪ್ಯಾರಾಗ್ಲೈಡಿಂಗ್ ಮಾಡುವವರು ಬಟ್ಟೆಯ ರೆಕ್ಕೆಯನ್ನು ಬೆನ್ನಹಿಂದೆ ಹರಡಿಕೊಂಡು, ಓಡಿ, ಕಣಿವೆಯ ಮೇಲೆ ತೇಲಿಹೋಗುವುದು ಅಲ್ಲಿಂದ. ಊರಿನವರು ಅದನ್ನು ಹಾರುದಿಣ್ಣೆ ಅನ್ನುತ್ತಾರೆ. ಆ ದಿಣ್ಣೆಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು, ಗಾಳಿ ಸರಿಯಿಲ್ಲದಾಗ "ಬೇಡ" ಅನ್ನುವುದು ಅವಳ ಕೆಲಸ. ಹಾಗಾಗಿ ಬೇಡಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನು ತಿರುಗಿಸಿದ ಕೂಡಲೇ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆಯುತ್ತಿದ್ದರು.

ಊರು ಉಸಿರಾಡುತ್ತಿದ್ದದ್ದೇ ಆ ದಿಣ್ಣೆಯಿಂದ. ಪ್ರವಾಸಿಗರನ್ನು ಎದೆಗೆ ಕಟ್ಟಿಕೊಂಡು ಹಾರುವ ಪೈಲಟ್‌ಗಳು, ಅವರನ್ನು ಮೇಲಕ್ಕೆ ಹೊತ್ತೊಯ್ಯುವ ಜೀಪಿನವರು, ಇಳಿಯುವ ಮೈದಾನದ ಪಕ್ಕದ ಹೋಟೆಲಿನವರು, ವಿಡಿಯೊ ಮಾಡಿಕೊಡುವವರು, ಎಲ್ಲರೂ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಬೆಟ್ಟದ ಮೇಲಿನ ಬಾವುಟದ ಬಣ್ಣ. ಅವಳು ಕೆಂಪು ಏರಿಸಿದರೆ ಪೇಟೆಯಿಡೀ ಕೈಕಟ್ಟಿ ಕೂರಬೇಕು. ಕೂತವರಿಗೆ ಇದ್ದದ್ದು ಒಂದೇ ಕೆಲಸ, ಅವಳನ್ನು ಬೈಯುವುದು.

ಬೈಸಿಕೊಳ್ಳುವುದಕ್ಕೆ ತಕ್ಕ ಬಾಯಿ ಅವಳಿಗೂ ಇತ್ತೆನ್ನಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಬಂದ ಪೈಲಟ್ಟಿಗೆ, "ಒಳಗೆ ಏನೂ ಇಲ್ಲ ಅಂತ ಎಲ್ರಿಗೂ ಗೊತ್ತು. ಆದ್ರೂ ಬುರುಡೆಗೊಂದು ಮರ್ಯಾದೆ ಬೇಡ್ವಾ? ಪಟ್ಟಿ ಹಾಕು" ಅನ್ನುತ್ತಿದ್ದಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದ ಹೆಂಗಸಿಗೆ, "ಮದುವೆ ಮನೆ ಕೆಳಗಿದೆ ತಾಯಿ. ಇಲ್ಲಿ ಓಡಬೇಕು" ಅಂದು ವಾಪಸು ಕಳಿಸಿದ್ದಳು. ನಗುತ್ತಾ ಹೇಳಿದ್ದರೆ ತಮಾಷೆಯಾಗಿರುತ್ತಿತ್ತು. ಅವಳು ನಗುತ್ತಿರಲಿಲ್ಲ.

ಅವಳ ತಾಯಿ ಪರದೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಹಾರುವವರು ಆ ಊರಿಗೆ ಮೊದಮೊದಲು ಬಂದ ಕಾಲದಲ್ಲಿ, ಮುಳ್ಳುಪೊದೆಗೆ ಸಿಕ್ಕಿ ಹರಿದ ರೆಕ್ಕೆಗಳನ್ನು ಹೊತ್ತು ಆ ಅಂಗಡಿಗೇ ಬರುತ್ತಿದ್ದರು. ತಾಯಿ ಆ ಜಾರುವ ಬಟ್ಟೆ ಕಂಡರೆ ಸಿಡುಕುತ್ತಿದ್ದಳು. ಮಗಳು ಮಾತ್ರ ಅದನ್ನು ಮೇಜಿನ ಮೇಲೆ ಹರಡಿ, ಬೆಳಕಿಗೆ ಹಿಡಿದು, ಎಳೆ ನೋಡಿ ಹೊಲಿಯುವುದನ್ನು ಕಲಿತಳು. ಹೊಲಿದ ರೆಕ್ಕೆ ಹಾರುವುದನ್ನು ನೋಡಲು ಬೆಟ್ಟ ಹತ್ತಿದವಳು ಕೊನೆಗೆ ತಾನೂ ಹಾರಿದಳು. ಹಲವು ವರ್ಷ ಚೆನ್ನಾಗಿಯೇ ಹಾರಿದಳು. ಒಂದು ಮಧ್ಯಾಹ್ನ ಗಾಳಿ ಎಳೆದಾಡುತ್ತಿತ್ತು, ಬೇಡ ಅಂತ ಅವಳ ಮನಸ್ಸು ಹೇಳಿತು. ಆದರೆ ಹಿಂದೆ ಸಾಲಿನಲ್ಲಿ ಗಂಡಸರು ನಿಂತಿದ್ದರು. "ಹೆದರಿಕೆಯಾ? ಹಾಗಾದ್ರೆ ಪಕ್ಕಕ್ಕೆ ಬಾ" ಅಂತ ಒಬ್ಬ ಕೂಗಿದ. ಅವಳು ಪಕ್ಕಕ್ಕೆ ಬರಲಿಲ್ಲ. ದಿಣ್ಣೆ ಬಿಟ್ಟು ಒಂದು ಮರದೆತ್ತರ ಏರುವಷ್ಟರಲ್ಲಿ ರೆಕ್ಕೆಯ ಅರ್ಧ ಮಡಚಿಕೊಂಡಿತು. ಬಂಡೆಯ ಮೇಲೆ ಬಿದ್ದಳು. ಎಡಗಾಲಿನ ಹರಡು ಪುಡಿಯಾಯಿತು.

"ಗಾಳಿಯಿಂದ ಬಿದ್ದೆ ಅಂತಾರೆ ಎಲ್ರೂ" ಎಂದು ಅವಳು ಆಮೇಲೆ ಗಂಡನಿಗೆ ಹೇಳಿದ್ದಳು. "ನಾನು ಬಿದ್ದಿದ್ದು ನಾಚಿಕೆಯಿಂದ."

ಮತ್ತೆ ಹಾರಲಿಲ್ಲ. ಪೈಲಟ್‌ಗಳ ಸಂಘಕ್ಕೆ ದಿಣ್ಣೆಯ ಉಸ್ತುವಾರಿಗೆ ಒಬ್ಬರು ಬೇಕಾದಾಗ ಯಾರೂ ಮುಂದೆ ಬರಲಿಲ್ಲ. ಇಡೀ ಊರಿನ ಕಣ್ಣಿಗೆ ಕಸವಾಗುವ ಕೆಲಸ ಯಾರಿಗೆ ಬೇಕು? ಅವಳು ಕುಂಟುತ್ತಾ ಹೋಗಿ, ನಾನು ಮಾಡ್ತೀನಿ ಅಂದಳು.

ಗಂಡ ಜೀಪು ಓಡಿಸುತ್ತಿದ್ದ. ಮೆತ್ತಗಿನ ಮನುಷ್ಯ. ಬೆಳಿಗ್ಗೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತುವನು. ಅವಳು ಕೆಂಪು ಬಾವುಟ ಏರಿಸಿದ ದಿನ ಅವನ ಜೀಪಿಗೂ ಬಾಡಿಗೆ ಇಲ್ಲ. ಅಂಥ ದಿನ ಅವನು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಇಳಿಯುವಾಗ ಗುಂಡಿಗಳನ್ನು ಮಾತ್ರ ಒಂದನ್ನೂ ತಪ್ಪಿಸುತ್ತಿರಲಿಲ್ಲ.

ಅವನ ತಮ್ಮ ಬೇರೆಯೇ ಜಾತಿಯ ಪ್ರಾಣಿ. ಊರಿನ ಪೈಲಟ್‌ಗಳಲ್ಲೆಲ್ಲ ಹೆಸರುವಾಸಿ, ನೋಡಲು ಚೆನ್ನಾಗಿದ್ದ, ಮಾತು ಬಲ್ಲವನು. ಎರಡು ಸಂಸಾರವೂ ಒಂದೇ ಮನೆಯಲ್ಲಿ. ಕೆಳಗೆ ಅತ್ತೆ, ನಡುವೆ ಮೈದುನ, ಮೇಲೆ ಇವರು. ಮೆಟ್ಟಿಲು ಒಂದೇ. ದಿಣ್ಣೆಯ ಮೇಲೆ ಅತ್ತಿಗೆ ಬೇಡ ಅಂದ ದಿನ, ಅದೇ ಮೆಟ್ಟಿಲಿನಲ್ಲಿ ಮೈದುನ ಗೋಡೆಗೆ ಸರಿಯದೆ ನಡುವೆಯೇ ಇಳಿದು ಬರುತ್ತಿದ್ದ. ಅವಳೂ ಸರಿಯುತ್ತಿರಲಿಲ್ಲ. ಓರಗಿತ್ತಿಗೆ ಇದರಲ್ಲಿ ತನ್ನದೂ ಒಂದು ಪಾಲು ಇರಲಿ ಅನ್ನಿಸಿರಬೇಕು. ತಾರಸಿಯ ತಂತಿಯ ಮೇಲೆ ಒಣಹಾಕಿದ ಇವಳ ಬಟ್ಟೆಗಳು ಆಗಾಗ ನೆಲದಲ್ಲಿ ಬಿದ್ದಿರುತ್ತಿದ್ದವು.

"ಗಾಳಿ ಜೋರು ಅಕ್ಕ" ಅನ್ನುತ್ತಿದ್ದಳು ಓರಗಿತ್ತಿ. "ನಿಮಗೆ ಗೊತ್ತಿರಬೇಕಲ್ಲ."

ಆ ದಿನ ಬೆಳಿಗ್ಗೆ ಹಸಿರು ಬಾವುಟವೇ ಇತ್ತು. ಕಣಿವೆಯಿಂದ ಮೇಲಕ್ಕೆ ಹದವಾದ ಗಾಳಿ, ಸಾಲಾಗಿ ಹಾರಿದರು. ಮಧ್ಯಾಹ್ನವಾಗುತ್ತಿದ್ದ ಹಾಗೆ ಗಾಳಿಚೀಲ, ಅಂದರೆ ಕಂಬಕ್ಕೆ ಕಟ್ಟಿದ ಬಟ್ಟೆಯ ಕೊಳವೆ, ಜೋತುಬಿತ್ತು. ಆಮೇಲೆ ನಿಧಾನವಾಗಿ ತಿರುಗಿ ಕಣಿವೆಯ ಕಡೆಗೆ ಬಾಲ ಚಾಚಿತು. ಮತ್ತೆ ಸ್ವಲ್ಪ ಹೊತ್ತಿಗೆ ಮೊದಲಿನಂತೆ ಬೆಟ್ಟದ ಕಡೆಗೆ. ಗಾಳಿ ಬೆಟ್ಟದ ಹಿಂದಿನಿಂದ ಬರತೊಡಗಿದೆ, ಬಿಸಿಲಿಗೆ ಕಾದ ಇಳಿಜಾರಿನ ಬಿಸಿಗಾಳಿ ಆಗೊಮ್ಮೆ ಈಗೊಮ್ಮೆ ಎದ್ದು ಅದನ್ನು ಮುಚ್ಚಿಡುತ್ತಿದೆ ಅನ್ನುವುದು ಅವಳಿಗೆ ಗೊತ್ತಾಯಿತು. ಬೆನ್ನಿಗೆ ಬೀಸುವ ಗಾಳಿಯಲ್ಲಿ ರೆಕ್ಕೆ ಏಳುವುದಿಲ್ಲ. ಕೆಂಪು ಏರಿಸಿದಳು.

ಸಾಲಿನ ಮುಂದೆ ಇದ್ದವನು ಮೈದುನ. ಅವನ ಎದೆಗೆ ಒಬ್ಬ ದಪ್ಪನೆಯ ಪ್ರವಾಸಿ ಆಗಲೇ ಕಟ್ಟಿಕೊಂಡು ನಿಂತಿದ್ದ. ಪ್ರವಾಸಿಯ ಹೆಂಡತಿ ಮೊಬೈಲ್ ಹಿಡಿದಿದ್ದಳು.

"ಅತ್ತಿಗೆ, ನೋಡಿ, ಗಾಳಿ ಮುಂದಿನಿಂದಲೇ ಬರ್ತಿದೆ."

"ಅದು ಬಿಸಿಲಿನ ಉಸಿರು. ತಲೆ ಎತ್ತಿ ನೋಡು. ಮೋಡ ಹಿಂದಿನಿಂದ ಬಂದು ಕಣಿವೆ ಕಡೆ ಓಡ್ತಿದೆ. ಬಿಚ್ಚು."

"ನಾನು ನಿನ್ನೆ ಮೊನ್ನೆ ಹಾರೋಕೆ ಕಲಿತವನಲ್ಲ."

"ಗೊತ್ತು. ಬಿಚ್ಚು."

ಪ್ರವಾಸಿಗೆ ತಡೆಯಲಾಗಲಿಲ್ಲ. "ಯಾರ್ರೀ ಇವರು? ಎಷ್ಟು ದೂರದಿಂದ ಬಂದಿದ್ದೀವಿ ಗೊತ್ತಾ? ಬೆಳಿಗ್ಗೆ ಎಲ್ರನ್ನೂ ಬಿಟ್ರಿ, ನಾವು ಬಂದ ಕೂಡ್ಲೇ ಗಾಳಿ ಕೆಟ್ಟುಹೋಯ್ತಾ?"

"ಹೌದು" ಅಂದಳು. "ನೀವು ಬಂದ ಕೂಡ್ಲೇ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆ ನಗುವೇ ಕೆಟ್ಟದ್ದಾಯಿತು. ಮೈದುನನ ಮುಖ ಕೆಂಪಾಯಿತು. "ಹಿಡಿದುಕೊಳ್ಳಿ, ನಾನು ಹೇಳಿದಾಗ ಓಡಿ" ಎಂದು ಪ್ರವಾಸಿಗೆ ಹೇಳಿ, ಹಿಂದಕ್ಕೆ ತಿರುಗಿ ದಾರಗಳನ್ನು ಸರಿಮಾಡಿಕೊಂಡ. ಅವಳು ಕುಂಟುತ್ತಾ ಹೋಗಿ ಹರಡಿದ ರೆಕ್ಕೆಯ ನಟ್ಟನಡುವೆ ನಿಂತಳು.

"ಇಳೀರಿ ಅತ್ತಿಗೆ."

"ಇಳಿಯಲ್ಲ."

"ಮನೆ ಜಗಳ ಮನೇಲಿಟ್ಟುಕೊಳ್ಳಿ. ಎಲ್ರ ಮುಂದೆ ನನ್ನ ಮಾನ ಕಳೀಬೇಡಿ."

"ನಿನ್ನ ಮಾನ ಬೆನ್ನುಮೂಳೆಗಿಂತ ಗಟ್ಟಿ ಇದ್ರೆ ಹಾರು."

ಅವನು ದಾರಗಳನ್ನು ಜಗ್ಗಿದ. ಕಾಲಕೆಳಗಿನ ಬಟ್ಟೆ ಸರಕ್ಕೆಂದು ಜಾರಿತು. ಅವಳು ಅಂಗಾತ ಬಿದ್ದಳು. ಯಾರೋ ಶಿಳ್ಳೆ ಹಾಕಿದರು. ಎದ್ದು ನಿಲ್ಲುವ ಬದಲು ಅವಳು ಸೊಂಟಕ್ಕೆ ಕೈ ಹಾಕಿದಳು. ಹಾರುವವರೆಲ್ಲ ಇಟ್ಟುಕೊಳ್ಳುವ ಕೊಕ್ಕೆಯ ಚಾಕು ಅಲ್ಲಿತ್ತು, ದಾರದಲ್ಲಿ ಸಿಕ್ಕಿಕೊಂಡರೆ ಕತ್ತರಿಸಿಕೊಳ್ಳಲು ಇರುವಂಥದ್ದು. ಬಟ್ಟೆಗೆ ಕೈ ಹಚ್ಚಲಿಲ್ಲ. ಎಡಗಡೆಯ ದಾರಗಳನ್ನು ಒಂದು ಹಿಡಿಯಾಗಿ ಹಿಡಿದು ಚಾಕು ಎಳೆದಳು. ಟಪಟಪ ಅಂದವು. ಇನ್ನು ಆ ರೆಕ್ಕೆ ಹಾಸಿಗೆಯ ಮೇಲೆ ಹೊದೆಯಲು ಮಾತ್ರ ಲಾಯಕ್ಕು.

ಮೈದುನ ಪ್ರವಾಸಿಯನ್ನು ಬಿಡಿಸಿ, ನಡೆದು ಬಂದು, ಅವಳ ಮುಖದ ಹತ್ತಿರ ಬಾಗಿ ಹೇಳಿದ. "ಅತ್ತಿಗೆ ಅಂತ ಕೈ ಕಟ್ಟಿಕೊಂಡಿದ್ದೀನಿ. ಇವತ್ತೇ ಕೊನೆ. ಇನ್ಮೇಲೆ ನೀವು ನನಗೆ ಯಾರೂ ಅಲ್ಲ."

ಗಾಳಿ ಆಮೇಲಾದರೂ ಅವಳ ಮಾತು ಉಳಿಸಬೇಕಿತ್ತು. ಉಳಿಸಲಿಲ್ಲ. ಅವಳು ರಾದ್ಧಾಂತದಲ್ಲಿ ಸಿಕ್ಕಿಬಿದ್ದಿದ್ದಾಗ, ಕೆಂಪು ಬಾವುಟವನ್ನು ಲೆಕ್ಕಿಸದೆ ಇಬ್ಬರು ಪೈಲಟ್‌ಗಳು ದಿಣ್ಣೆಯ ಆ ತುದಿಯಿಂದ ಓಡಿ ಹಾರಿಯೇಬಿಟ್ಟರು. ಬಿಸಿಗಾಳಿಯ ಒಂದು ಒಳ್ಳೆಯ ಉಸಿರು ಅವರನ್ನು ಎತ್ತಿಕೊಂಡಿತು. ಕಣಿವೆಯ ಮೇಲೆ ತೇಲಿ, ಸುತ್ತು ಹೊಡೆದು, ಮೈದಾನದಲ್ಲಿ ಹೂವಿನಂತೆ ಇಳಿದರು. ಸಂಜೆಯ ಹೊತ್ತಿಗೆ ಹಿಂದಿನ ಗಾಳಿಯೂ ಸತ್ತು, ಆಕಾಶ ತೊಳೆದಿಟ್ಟಂತಾಯಿತು. ಪೇಟೆಯಲ್ಲಿ ಅವರಿಬ್ಬರಿಗೆ ಟೀ ಕೊಡಿಸಿದ್ದೇ ಕೊಡಿಸಿದ್ದು. ಪ್ರವಾಸಿಯ ಹೆಂಡತಿ ತೆಗೆದ ವಿಡಿಯೊ ಕತ್ತಲಾಗುವುದರೊಳಗೆ ಎಲ್ಲರ ಮೊಬೈಲಿನಲ್ಲಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಇಷ್ಟೇ. ಒಬ್ಬ ಹೆಂಗಸು ಬೀಳುತ್ತಾಳೆ, ಚಾಕು ತೆಗೆಯುತ್ತಾಳೆ, ಹಿಂದೆ ನೀಲಿ ಆಕಾಶದಲ್ಲಿ ಎರಡು ರೆಕ್ಕೆಗಳು ನೆಮ್ಮದಿಯಾಗಿ ಹಾರುತ್ತಿವೆ.

ಮನೆಗೆ ಬಂದಾಗ ಅತ್ತೆ ಕೆಳಗಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನನಗಿರೋದು ಇಬ್ರು ಮಕ್ಕಳು. ಒಬ್ಬ ಹಾರ್ತಾನೆ, ಒಬ್ಬ ಹಾರೋರನ್ನ ಹೊರ್ತಾನೆ. ಇಬ್ರ ಹೊಟ್ಟೆ ಮೇಲೂ ಹೊಡೆಯೋಕೆ ನಿನ್ನನ್ನ ಮನೆ ತುಂಬಿಸಿಕೊಂಡೆ ನಾನು."

"ನಿಮ್ಮ ಮಗ ಇವತ್ತು ಊಟಕ್ಕೆ ಮನೆಗೆ ಬಂದಿದ್ದಾನಲ್ಲ ಅತ್ತೆ" ಎಂದಳು. "ಬಡಿಸಿ, ಹೋಗಿ."

ಆ ಮಾತು ಆಡಬಾರದಿತ್ತು ಎಂದು ಗಂಡ ಮೇಲೆ ಬಂದ ಮೇಲೆ ಹೇಳಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇಬ್ರು ಹಾರಿ ಇಳಿದ್ರಲ್ಲೇ. ಏನೂ ಆಗ್ಲಿಲ್ವಲ್ಲ. ಒಂದ್ಸಲ ತಪ್ಪಾಯ್ತು ಅಂದುಬಿಡು, ಮುಗಿದುಹೋಗುತ್ತೆ."

"ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದವನು ಆ ಕಡೆ ಸೇರಿದ ಅಂತ, ನಾಳೆಯಿಂದ ನೀವೂ ಕಣ್ಣು ಮುಚ್ಚಿ ಜೀಪು ಓಡಿಸ್ತೀರಾ?"

ಗಂಡ ಮುಖ ತಿರುಗಿಸಿ ಮಲಗಿದ. ಅವಳೂ ಮಲಗಿದಳು. ಆದರೆ ತನಗೇ ಒಂದು ಅನುಮಾನ ಕೊರೆಯುತ್ತಿತ್ತು ಎಂದು ಬಹಳ ಕಾಲದ ಮೇಲೆ ಒಪ್ಪಿಕೊಂಡಳು. ಆ ಜಾಗದಲ್ಲಿ ಮೈದುನನಲ್ಲದೆ ಬೇರೆ ಯಾರಾದರೂ ಇದ್ದಿದ್ದರೆ ಚಾಕು ತೆಗೆಯುತ್ತಿದ್ದೆನೇ? ಮೆಟ್ಟಿಲು, ತಂತಿ, ಬಟ್ಟೆ, ಎಲ್ಲವನ್ನೂ ಸೇರಿಸಿ ಒಟ್ಟಿಗೆ ಕತ್ತರಿಸಿದೆನೇ? ಗಾಳಿಯ ಮಟ್ಟಿಗೆ ಮಾತ್ರ ಅನುಮಾನವಿರಲಿಲ್ಲ.

ಸಂಘದ ಸಭೆ ಬಸ್ ನಿಲ್ದಾಣದ ಮೇಲಿನ ಹಾಲ್‌ನಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕಿಟಕಿಯ ಮೇಲೆಲ್ಲ ಜನ ಕೂತಿದ್ದರು. ಪೈಲಟ್ ಅಲ್ಲದವರೂ ಬಂದಿದ್ದರು, ಅವಳನ್ನು ಇಳಿಸುವುದನ್ನು ಕಣ್ಣಾರೆ ನೋಡಲು. ಅಹಂಕಾರ ಅಂದರು, ತಾನು ಹಾರಲಾರದ್ದಕ್ಕೆ ಹೊಟ್ಟೆಕಿಚ್ಚು ಅಂದರು, ಚಾಕು ಹಿಡಿದವಳ ಕೈಗೆ ದಿಣ್ಣೆ ಕೊಡುವುದು ಹೇಗೆ ಅಂದರು. ಏನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷ ಕೇಳಿದ.

ಅವಳು ಎದ್ದಳು. "ದಾರ ಕತ್ತರಿಸಿದ್ದು ನಾನು, ಬೇರೆ ಹಾಕಿಕೊಡೋದೂ ನಾನೇ, ಅದು ಬಿಡಿ. ಅವತ್ತು ಯಾರೂ ಬೀಳಲಿಲ್ಲ ಅಂತ ಕೋಪ ಮಾಡಿಕೊಂಡು ಸಭೆ ಕರೆದಿದ್ದೀರ. ಬಿದ್ದಿದ್ರೆ ಸಭೆ ಕರೀತಿರಲಿಲ್ಲ, ಹಾರ ತರ್ತಿದ್ರಿ."

ಅಪಶಕುನ ನುಡಿಯುತ್ತಾಳೆ ಎಂದು ಯಾರೋ ಕುರ್ಚಿ ಒದ್ದರು. ಕೈ ಎತ್ತಿಸಿದರು. ಗಂಡನೂ ಜೀಪಿನವರ ಜೊತೆ ಹಿಂದೆ ನಿಂತಿದ್ದ. ಅವನಿಗೆ ಮತವಿರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಅವಳು ಯಾವತ್ತೂ ಕೇಳಲಿಲ್ಲ.

ಅವಳ ಜಾಗಕ್ಕೆ ಬಂದವನು ನಿವೃತ್ತ ವ್ಯಾಯಾಮ ಶಿಕ್ಷಕ. ಹಿಂದೆ ತಾನೂ ಹಾರಿದ್ದ, ಗಾಳಿ ಬಲ್ಲವನೇ. ಎಲ್ಲರಿಗೂ ಬೇಕಾದವನು, ಯಾರ ಮನಸ್ಸನ್ನೂ ನೋಯಿಸದವನು. ಗಾಳಿ ಹೇಗಿದೆ ಸರ್ ಅಂದರೆ, "ಸ್ವಲ್ಪ ತೊಂದರೆ ಇದೆ. ಆದ್ರೂ ಆಯ್ತಪ್ಪ, ನಿಮ್ಮಿಷ್ಟ" ಅನ್ನುತ್ತಿದ್ದ. ವಾರ ಕಳೆಯುವುದರೊಳಗೆ ಅವನಿಗೂ ಹೆಸರು ಬಿತ್ತು, ಆಯ್ತಪ್ಪ. ಕೆಂಪು ಬಾವುಟ ಪೆಟ್ಟಿಗೆಯಲ್ಲೇ ಮಡಚಿಕೊಂಡಿತ್ತು. ಪೇಟೆಗೆ ಸುಗ್ಗಿ.

ಬೇಡಮ್ಮ ಮನೆಯ ಮೇಲಿನ ಮಹಡಿಯಲ್ಲಿ ರೆಕ್ಕೆ ಹೊಲಿಯಲು ಇಟ್ಟುಕೊಂಡಿದ್ದ ಕೋಣೆಗೆ ಮರಳಿದಳು. ಮೈದುನನ ರೆಕ್ಕೆಗೆ ಹೊಸ ದಾರ ಹಾಕಿ, ಅಳೆದು, ಗಂಡನ ಕೈಯಲ್ಲಿ ಕೆಳಗೆ ಕಳಿಸಿದಳು. ಅವನು ಅದನ್ನು ಬಿಚ್ಚಿಯೂ ನೋಡದೆ ಬೇರೆ ಊರಿನ ದುರಸ್ತಿಯವನ ಹತ್ತಿರ ಕಳಿಸಿ, ಮತ್ತೊಮ್ಮೆ ಹಾಕಿಸಿಕೊಂಡ. ಊರಿನ ಉಳಿದವರೂ ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಉದ್ದನೆಯ ಮೇಜಿನ ಮೇಲೆ ಅವಳು ಮತ್ತೆ ತಾಯಿಯ ಹಾಗೆ ಪರದೆ ಹೊಲಿಯತೊಡಗಿದಳು. ಹೋಟೆಲಿನವನು ತನ್ನ ಪರದೆಗಳನ್ನೂ ಬೇರೆಯವರ ಹತ್ತಿರವೇ ಹೊಲಿಸಿದ.

ಮುಳ್ಳಿನಲ್ಲಿ ಹರಿದ ರೆಕ್ಕೆಯನ್ನು ಹೊತ್ತು ಮೊದಲು ಬಂದವನು ಗುಂಡ. ಪೈಲಟ್‌ಗಳಲ್ಲಿ ದಪ್ಪಗಿದ್ದವನು, ನಗುನಗುತ್ತಿದ್ದವನು. ಸಭೆಯಲ್ಲಿ ಮೊದಲು ಕೈ ಎತ್ತಿದವನೂ ಅವನೇ. ಬಾಗಿಲಲ್ಲಿ ನಿಂತು, "ಅಕ್ಕಾ, ಒಳಗೆ ಬರ್ಲಾ?" ಅಂದ.

"ಯಾರ ಕಣ್ಣಿಗೂ ಬೀಳದ ಹಾಗೆ ಬಂದಿದ್ದೀಯ ತಾನೆ? ಬಾ."

ರೆಕ್ಕೆ ಹರಡಿ ನೋಡಿದಳು. ಉದ್ದಕ್ಕೆ ಸೀಳಿತ್ತು. ಹಿಂದಿನ ಗಾಳಿಗೆ ಓಡಿ, ಏಳಲಾಗದೆ, ಗಿರಾಕಿಯ ಸಮೇತ ಪೊದೆಗೆ ನುಗ್ಗಿದ್ದೆ ಎಂದು ಅವನೇ ಹೇಳಿದ. ಇಬ್ಬರಿಗೂ ತರಚುಗಾಯ, ಅಷ್ಟೇ.

"ಗಾಳಿ ಹಿಂದಿನಿಂದ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಗುಂಡ ಮಷೀನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ ಕೂತ. "ನೀವಿದ್ದಾಗ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈಕೊಂಡು ರೆಕ್ಕೆ ಮಡಚ್ತಿದ್ದೆ ಅಕ್ಕ. ಗಿರಾಕಿಗೂ ಹೇಳ್ತಿದ್ದೆ, ನಾನಂತೂ ರೆಡಿ ಸಾರ್, ಈ ಹೆಂಗಸು ಬಿಡ್ತಿಲ್ಲ ಅಂತ. ಈಗ ಅವರು ನಿಮ್ಮಿಷ್ಟ ಅಂತಾರೆ. ಹಿಂದೆ ಸಾಲು ನಿಂತಿರುತ್ತೆ. ನನಗೆ ಭಯ ಆಗ್ತಿದೆ ಅಂತ ನನ್ನ ಬಾಯಿಂದ ನಾನೇ ಹೇಳ್ಬೇಕು. ಹೇಗೆ ಹೇಳ್ಲಿ? ಎಲ್ರಿಗೂ ಇದೇ ಆಗಿದೆ. ಯಾರೂ ಬಾಯಿ ಬಿಡಲ್ಲ."

"ಅಂದ್ರೆ ಬೈಯೋಕೆ ಒಬ್ಬರು ಬೇಕಾಗಿದ್ದಾರೆ."

"ಹೌದು" ಅಂದ ಗುಂಡ, ತಲೆ ತಗ್ಗಿಸಿ.

ಅವಳಿಗೆ ಕನಿಕರವೇನೂ ಹುಟ್ಟಲಿಲ್ಲ. ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಇವರು ಉಗಿದದ್ದನ್ನೆಲ್ಲ ನಿಜವೆಂದು ನಂಬಿ ಒರೆಸಿಕೊಂಡಿದ್ದಳು. ಉಗಿಯುತ್ತಲೇ ಒಳಗೊಳಗೆ ಬಚಾವಾದೆ ಅಂದುಕೊಳ್ಳುತ್ತಿದ್ದರೇ ಇವರು? "ರೆಕ್ಕೆ ಇಟ್ಟು ಹೋಗು" ಅಂದಳು. "ಮುಂದಿನ ಸಲ ಮುಂಬಾಗಿಲಿಂದ, ಎಲ್ರಿಗೂ ಕಾಣೋ ಹಾಗೆ ಬಾ. ಇಲ್ಲದಿದ್ರೆ ಬರಲೇಬೇಡ."

ಮುಂದಿನ ಸಲ ಮುಂಬಾಗಿಲಿಂದಲೇ ಬಂದರು, ಏಳೆಂಟು ಮಂದಿ. ಆಯ್ತಪ್ಪನೂ ಜೊತೆಯಲ್ಲಿದ್ದ. ರಾತ್ರಿ ನಿದ್ದೆ ಬರುತ್ತಿಲ್ಲ, ಈ ಕೆಲಸ ನನ್ನಿಂದಾಗದು ಎಂದು ಅವನೇ ಸಂಘಕ್ಕೆ ಹೇಳಿಬಿಟ್ಟಿದ್ದ. ಯಾರೂ ಕ್ಷಮೆ ಕೇಳಲಿಲ್ಲ. ದಿಣ್ಣೆಗೆ ವಾಪಸು ಬನ್ನಿ ಅಂದರು, ಅದನ್ನೂ ಉಪಕಾರ ಮಾಡುವವರ ಧಾಟಿಯಲ್ಲಿ.

"ನನ್ನ ಮೈದುನ ಬಂದಿಲ್ವಲ್ಲ."

"ಅವನು ಬರಲ್ಲ ಅಂತಾನೆ."

"ಹಾಗಾದ್ರೆ ನಾನೂ ಬರಲ್ಲ. ಅವನೇ ಬಂದು ಕರೀಬೇಕು. ಇನ್ನೊಂದು, ದಿನಾ ಸಾಲಿನಲ್ಲಿ ಮೊದಲು ನಿಲ್ಲೋನು ಅವನೇ. ಪಟ್ಟಿ, ಕೊಂಡಿ, ದಾರ ಎಲ್ಲ ಎಲ್ರ ಎದುರಿಗೆ ನಾನು ಮುಟ್ಟಿ ನೋಡ್ತೀನಿ. ಅವನು ಒಪ್ಪಿದ್ರೆ ಉಳಿದವರೂ ಒಪ್ತೀರ."

ಮೈದುನ ಬಹಳ ದಿನ ಒಪ್ಪಲಿಲ್ಲ. ಒಪ್ಪಿಸಿದವಳು ಓರಗಿತ್ತಿ. ಗುಂಡ ಪೊದೆಗೆ ಬಿದ್ದ ವಿಡಿಯೊ ನೋಡಿದ ಮೇಲೆ, ಗಂಡ ಹಾರುವ ಹೊತ್ತಿಗೆಲ್ಲ ಅವಳು ತಾರಸಿಯ ಮೇಲೆ ನಿಂತು ಬೆಟ್ಟ ನೋಡತೊಡಗಿದ್ದಳು. ಬಟ್ಟೆ ಒಣಹಾಕಲು ಹೋದ ಬೇಡಮ್ಮನಿಗೆ ಅವಳು ಕಾಣುತ್ತಿದ್ದಳು. ಒಂದು ದಿನ ನಡುವಿನ ಮಹಡಿಯಲ್ಲಿ ದೊಡ್ಡ ಜಗಳ ಕೇಳಿಸಿತು, ಪಾತ್ರೆ ಬಿದ್ದ ಸದ್ದೂ ಕೇಳಿಸಿತು. ಮರುದಿನ ಬೆಳಿಗ್ಗೆ ಮೈದುನ ಮೆಟ್ಟಿಲ ಮೇಲೆ ಎದುರಾದ. ಗೋಡೆಯ ಕಡೆ ನೋಡುತ್ತಾ, "ನಾಳೆಯಿಂದ ಬನ್ನಿ" ಅಂದ.

"ಗೋಡೆಯನ್ನ ಕರೀತಿದ್ದೀಯೋ ನನ್ನನ್ನೋ?"

ಅವನು ಕಣ್ಣಿಗೆ ಕಣ್ಣಿಟ್ಟ. ಆ ಕಣ್ಣಿನಲ್ಲಿ ಸ್ನೇಹದ ಎಳೆಯೂ ಇರಲಿಲ್ಲ. "ನಿಮ್ಮನ್ನೇ. ಬನ್ನಿ."

ಅವಳು ಹೋದಳು. ಮೊದಲ ದಿನವೇ ಮಧ್ಯಾಹ್ನ ಕೆಂಪು ಏರಿಸಿ ಊರಿನ ಬಾಯಿಗೆ ಮತ್ತೆ ಕೆಲಸ ಕೊಟ್ಟಳು. ಗುಂಡ ಎಲ್ಲರಿಗಿಂತ ಜೋರಾಗಿ ಬೈದು, ಎಲ್ಲರಿಗಿಂತ ಬೇಗ ರೆಕ್ಕೆ ಮಡಚಿದ.

ಕೆಲವು ತಿಂಗಳ ಮೇಲಿನ ಮಾತು. ಒಳ್ಳೆಯ ಗಾಳಿಯ ಬೆಳಿಗ್ಗೆ, ಹಸಿರು ಬಾವುಟ, ಸಾಲಿನ ಮುಂದೆ ಎಂದಿನಂತೆ ಮೈದುನ. ಎದೆಯ ಮುಂದೆ ಕಾಲೇಜಿನ ಒಬ್ಬ ಹುಡುಗಿಯನ್ನು ಕಟ್ಟಿಕೊಂಡಿದ್ದ. ಅತ್ತಿಗೆ ಹತ್ತಿರ ಬರುತ್ತಿದ್ದ ಹಾಗೆ ಅವನು ಎಂದಿನಂತೆ ಕತ್ತು ಬಿಗಿದು, ಅವಳ ತಲೆಯ ಮೇಲಿಂದ ದೂರ ನೋಡತೊಡಗಿದ. ಅವಳು ಹುಡುಗಿಯ ಎದೆಯ ಕೊಂಡಿ ಎಳೆದು ನೋಡಿದಳು, ತೊಡೆಯ ಪಟ್ಟಿಗಳನ್ನು ನೋಡಿದಳು, ಹೆಲ್ಮೆಟ್ ನೋಡಿದಳು. ಎಲ್ಲವೂ ಚೊಕ್ಕವಾಗಿತ್ತು. ಆಮೇಲೆ ಮೈದುನನ ಕಡೆ ತಿರುಗಿದಳು. ಎದೆಯ ಕೊಂಡಿ ಸರಿಯಾಗಿತ್ತು. ಕೆಳಗೆ ಬಾಗಿದಳು. ಅವನ ತೊಡೆಯ ಪಟ್ಟಿಗಳು ಎರಡೂ ಬಿಚ್ಚಿಕೊಂಡು ಜೋತಾಡುತ್ತಿದ್ದವು. ಹಾಗೆಯೇ ನೆಲ ಬಿಟ್ಟಿದ್ದರೆ ಅವನು ತನ್ನ ಸೀಟಿನಿಂದ ಕೆಳಗೆ ಜಾರಿ, ಕಂಕುಳಿನಲ್ಲಿ ನೇತಾಡಿ, ಕೈ ಸೋಲುವವರೆಗೆ ಮಾತ್ರ ಬದುಕಿರುತ್ತಿದ್ದ. ಆಮೇಲೆ ಆ ಹುಡುಗಿ ನಡೆಸುವವರಿಲ್ಲದ ರೆಕ್ಕೆಯ ಕೆಳಗೆ ಒಬ್ಬಳೇ.

ಕೂಗಿ ಹೇಳಬಹುದಿತ್ತು. ಸಾಲಿಗೆ ಸಾಲೇ ಕಿವಿ ನೆಟ್ಟಗೆ ಮಾಡಿಕೊಂಡಿತ್ತು. ಹೇಳಬೇಕೆಂಬ ಆಸೆ ಗಂಟಲವರೆಗೂ ಬಂದಿತ್ತು ಎಂದು ಅವಳೇ ಹೇಳುತ್ತಿದ್ದಳು. "ಕಾಲು" ಎಂದಳು, ಅವನಿಗೊಬ್ಬನಿಗೇ ಕೇಳಿಸುವಷ್ಟು.

ಅವನು ಕೆಳಗೆ ನೋಡಿಕೊಂಡ. ಮುಖದ ರಕ್ತ ಇಳಿದುಹೋಯಿತು. ಒಂದು ಪಟ್ಟಿ ಹಾಕಿಕೊಂಡ. ಎರಡನೆಯದಕ್ಕೆ ಬೆರಳು ಓಡಲಿಲ್ಲ, ಅವಳೇ ಕೂತು ಹಾಕಿದಳು, ನೋವಾಗುವಷ್ಟು ಬಿಗಿದಳು.

"ಹೋಗು."

ಅವನು ಓಡಿದ, ರೆಕ್ಕೆ ಎದ್ದಿತು, ದಿಣ್ಣೆ ಬಿಟ್ಟು ಕಣಿವೆಯ ಮೇಲೆ ಹೋದ. ಹುಡುಗಿ ಖುಷಿಯಲ್ಲಿ ಕಿರುಚಿದ್ದು ಮೇಲಿನವರೆಗೂ ಕೇಳಿಸಿತು.

ಥ್ಯಾಂಕ್ಸ್ ಅನ್ನುವ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದದ್ದು ಬೇರೆ. ಆ ಸಂಜೆ ಹೋಟೆಲಿನಲ್ಲಿ, ಹೇಗೋ ಸುದ್ದಿ ತಿಳಿದ ಗುಂಡ ಕೇಳಿದ್ದಕ್ಕೆ ಮೈದುನ ಮೇಜು ಗುದ್ದಿ ಹೇಳಿದನಂತೆ. "ಆ ಹೆಂಗಸು ಪೊಲೀಸರ ಹಾಗೆ ದಿನಾ ಎದುರಿಗೆ ನಿಂತು ದುರುಗುಟ್ಟಿ ನೋಡ್ತಿದ್ರೆ ಯಾರಿಗೆ ತಾನೆ ಕೈ ಓಡುತ್ತೆ? ಅವರಿಂದಲೇ ಮರೆತಿದ್ದು!"

ಗಂಡ ಜೀಪಿನಲ್ಲಿ ಇದನ್ನು ಹೇಳಿದಾಗ ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡಳು. "ಮರೆತಿದ್ದು ಒಪ್ಪಿಕೊಂಡ ತಾನೆ?" ಅಂದಳು. "ಬೈಕೊಳ್ಳಲಿ ಬಿಡಿ."

ಗಂಡ ಗುಂಡಿಗಳನ್ನು ತಪ್ಪಿಸುತ್ತಾ ನಿಧಾನವಾಗಿ ಇಳಿಸಿದ.